ಸ್ವೀಡನ್ನಿನ ಹೆಂಗಸು ರಾಯಬಾಗದ ಕನ್ನಡದಲ್ಲಿ

ಪರೀಕ್ಷೆಗಳು ಮುಗಿದು ಶಾಲೆಗೆ ರಜೆ ಬಿಟ್ಟ ವಾರ, ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸರ್ ನಮ್ಮ ಮನೆಗೆ ಬಂದರು. ಚಿಕ್ಕೋಡಿಯಲ್ಲಿ ನಿವೃತ್ತರಾದ ಮೇಲೆ ಅವರು ತಮ್ಮ ಊರಾದ ರಾಯಬಾಗಕ್ಕೇ ಬಂದು ನೆಲೆಸಿದ್ದರು. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಗಂಡ ತೀರಿಕೊಂಡು ಆಗ ನಾಲ್ಕೈದು ತಿಂಗಳಾಗಿತ್ತು. ಸಮಾಧಾನ ಹೇಳಲು ಬಂದಿರಬೇಕೆಂದು ಚಹಾಕ್ಕೆ ಇಟ್ಟೆ. ಅವರು ಬಂದದ್ದು ಬೇರೆ ಕೆಲಸಕ್ಕೆ.

ಸರ್‌ಗೆ ಮೊದಲಿನಿಂದಲೂ ಸಿನಿಮಾದ ಹುಚ್ಚು. ನಿವೃತ್ತಿಯ ನಂತರ ಒಂದು ಪ್ರೊಜೆಕ್ಟರ್ ತರಿಸಿಕೊಂಡು, ಸುತ್ತಲಿನ ಊರುಗಳಲ್ಲಿ ಯಾರಾದರೂ ಜಾಗ ಕೊಟ್ಟರೆ ಪರದೇಶದ ಚಿತ್ರಗಳನ್ನು ತೋರಿಸುತ್ತಿದ್ದರು. ಈ ಸಲ ಅವರ ಕೈಗೆ ಸ್ವೀಡನ್ನಿನದೊಂದು ಚಿತ್ರ ಸಿಕ್ಕಿತ್ತು. ನಿಪ್ಪಾಣಿಯಲ್ಲಿ ತೋರಿಸಿದಾಗ ಅರ್ಧ ಜನ ನಡುವೆಯೇ ಎದ್ದು ಹೋದರಂತೆ. ಚಿಕ್ಕೋಡಿಯಲ್ಲಿ ಕೊನೆಯವರೆಗೆ ಕುಳಿತವರು ಹೊರಗೆ ಬಂದು ಜಗಳವಾಡಿದರಂತೆ. ಒಬ್ಬ ಡಾಕ್ಟರರು ಇಂಥ ಚಿತ್ರ ಜನ್ಮದಲ್ಲಿ ನೋಡಿಲ್ಲ ಎಂದರೆ, ಅವರ ಗೆಳೆಯ ವಕೀಲರು ಇದೂ ಒಂದು ಚಿತ್ರವೇ ಎಂದು ಕೇಳಿ, ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ಮನೆಗೆ ಹೋದರಂತೆ.

“ಹೊರಗಿನ ದೇಶದಾಗ ದೊಡ್ಡ ದೊಡ್ಡ ಪ್ರಶಸ್ತಿ ಬಂದಾವ ತಂಗಿ,” ಎಂದರು ಸರ್. “ವಿಮರ್ಶಕರೆಲ್ಲ ಹೊಗಳ್ಯಾರ. ನಮ್ಮ ಮಂದಿ ಎದ್ದು ಹೋಗ್ತಾರ. ಯಾಕ ಅಂತ ಭಾಳ ವಿಚಾರ ಮಾಡಿದೆ. ಕೆಳಗ ಬರೋ ಇಂಗ್ಲಿಷ್ ಓದೋದರಾಗ ಮ್ಯಾಲಿನ ಚಿತ್ರ ಹೋಗಿಬಿಡ್ತೈತಿ. ನೀ ಬಾಜೂಕ ಮೈಕ್ ಹಿಡಕೊಂಡು ನಿಂತು, ಅವ್ರು ಆಡೋ ಮಾತ ಕನ್ನಡದಾಗ ಹೇಳಿಬಿಟ್ರ ಮಂದಿ ಕೂಡ್ತಾರ.”

“ಏನ ಕಥಿ ಐತ್ರಿ ಸರ್?”

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. “ಒಬ್ಬ ಹೆಣ್ಣಮಗಳದು. ಗಂಡ ತೀರಿಕೊಂಡಿರ್ತಾನ. ಆಮ್ಯಾಲ ಆಕಿ ಹೆಂಗ ದಿನಾ ಕಳೀತಾಳ ಅನ್ನೋದು. ನಿನಗ ಬ್ಯಾಡ ಅನಿಸಿದ್ರ ಬ್ಯಾಡಂತ ಹೇಳು. ನನಗೇನೂ ಅನಸೂದಿಲ್ಲ.”

ಬೇಕು, ಬೇಡ ಎರಡೂ ನನಗೆ ಅನಿಸುತ್ತಿರಲಿಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಉತ್ತರಕ್ಕಾಗಿ ಒಳಗೆ ಹುಡುಕುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಕೊನೆಗೆ ಒಳಗಿನ ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆ ಹೇಳಿದರು: “ಹೂಂ ಅನ್ನವಾ. ಮನಿಗೆ ಬಂದು ಕೇಳಾಕತ್ತಾರ.” ನಾನು ಹೂಂ ಅಂದೆ.

ನನ್ನ ಗಂಡ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಒಂದು ಬೆಳಿಗ್ಗೆ ಪಾಳಿ ಮುಗಿಸಿ, ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತವರು ಪಕ್ಕಕ್ಕೆ ವಾಲಿದರಂತೆ. ಬಾಜುವಿನವನು ನಿದ್ದೆ ಹತ್ತಿರಬೇಕೆಂದುಕೊಂಡು ಭುಜ ಕೊಟ್ಟು ಕುಳಿತಿದ್ದನಂತೆ. ಫೋನು ಶಾಲೆಗೆ ಬಂತು. ಹೆಡ್‌ಮಾಸ್ತರರು ನನ್ನನ್ನು ವರಾಂಡಕ್ಕೆ ಕರೆದು ಹೇಳಿದರು. ನಾನು ಮತ್ತೆ ತರಗತಿಯೊಳಗೆ ಹೋದೆ. ಹಲಗೆಯ ಮೇಲೆ ಒಂದು ವಾಕ್ಯ ಅರ್ಧ ಬರೆದದ್ದಿತ್ತು. ಅದನ್ನು ಪೂರ್ತಿ ಮಾಡಿ, ಕೆಳಗೆ ಗೆರೆ ಎಳೆದು, ಬರೆದುಕೊಳ್ಳಿರಿ ಎಂದು ಹುಡುಗರಿಗೆ ಹೇಳಿ, ಬ್ಯಾಗು ತೆಗೆದುಕೊಂಡು ಹೊರಗೆ ಬಂದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ. ಅರ್ಧ ಬರೆದದ್ದನ್ನು ಬಿಟ್ಟು ಹೇಗೆ ಹೋಗುವುದು ಎಂಬುದೊಂದೇ ತಲೆಯಲ್ಲಿತ್ತು.

ಉಗಾರದಿಂದ ಅವರನ್ನು ತಂದ ಗಾಡಿ ಮನೆಯ ಮುಂದೆ ನಿಂತಾಗ ಓಣಿಯ ಹೆಂಗಸರೆಲ್ಲ ಸೇರಿದ್ದರು. ತೆಲಸಂಗದಿಂದ ನನ್ನ ತವರಿನವರು ಬಂದರು. ಎಲ್ಲರೂ ಹಾಡಿ ಹಾಡಿ ಅತ್ತರು. ನಾನು ಗಾಡಿಯ ಡ್ರೈವರನಿಗೆ ಯಾರಾದರೂ ನೀರು ಕೊಟ್ಟಿರೇ ಎಂದು ಕೇಳಿದೆ. ಗಂಡನ ತಂಗಿ, ನನ್ನ ನಾದಿನಿ, ಅಥಣಿಯಿಂದ ಬಂದವಳೇ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದಳು: “ವೈನಿ, ಅಳ್ರಿ. ಒಮ್ಮೆ ಅತ್ತಬಿಡ್ರಿ.” ತವರಿನ ಮುದುಕಿಯೊಬ್ಬರು ಅಳು ಬರಲೆಂದು ನನ್ನ ತೋಳು ಚಿವುಟಿದರು. ನೋವಾಯಿತು. ಅಳು ಬರಲಿಲ್ಲ. ಸೂತಕ ಕಳೆಯಿತು, ಬಂದವರು ಹೋದರು, ಆಗಲೂ ಬರಲಿಲ್ಲ.

ನಾನು ಪಾಠ ಮುಗಿಸಿ ಬಂದ ಸುದ್ದಿ ಶಾಲೆಯಿಂದ ಓಣಿಗೆ, ಓಣಿಯಿಂದ ಅಥಣಿಗೆ ಹೋಯಿತು. ನಾದಿನಿ ನನ್ನೊಂದಿಗೆ ಮಾತು ಬಿಟ್ಟಳು. ಅವಳು ಕೆಟ್ಟವಳಲ್ಲ. ಅಣ್ಣನೆಂದರೆ ಅವಳಿಗೆ ಜೀವ. ಮದುವೆಯಾಗಿ ಹೋದ ಮೇಲೂ ಪ್ರತಿ ನಾಗರಪಂಚಮಿಗೆ ತವರಿಗೆ ಅಣ್ಣನೇ ಹೋಗಿ ಕರೆತರಬೇಕಿತ್ತು, ಬೇರೆ ಯಾರು ಹೋದರೂ ಬರುತ್ತಿರಲಿಲ್ಲ. ಈಗ ಅವಳ ಫೋನು ಬಂದಾಗ ನಾನು ಎತ್ತಿದರೆ “ಅವ್ವಗ ಕೊಡ್ರಿ” ಎನ್ನುವುದೊಂದೇ ಮಾತು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆ ದಿನಾ ಮುಂಜಾನೆ ಸ್ನಾನ ಮಾಡಿ, ಬಸದಿಗೆ ಹೋಗಿ ಬಂದು, ಹಿತ್ತಿಲ ಬಾಗಿಲ ಹೊಸ್ತಿಲಿಗೆ ಕುಳಿತು ಅಳುತ್ತಿದ್ದರು. ದನಿ ಎತ್ತರದ್ದಲ್ಲ. ಮಗನೊಡನೆ ಮಾತಾಡಿದ ಹಾಗೆ. ಸಣ್ಣವನಿದ್ದಾಗ ಬಾವಿಗೆ ಇಣುಕಿದ್ದು, ಶೇಂಗಾ ಹೋಳಿಗೆಯನ್ನು ಕದ್ದು ತಿಂದು ಜ್ವರ ಬರಿಸಿಕೊಂಡದ್ದು, ಮಿರಜಿನ ದವಾಖಾನೆಗೆ ತೋರಿಸಲು ಒಯ್ದಾಗ ರೈಲು ಕಂಡು ಕುಣಿದದ್ದು, ಎಲ್ಲ ಒಂದೊಂದಾಗಿ ಬರುತ್ತಿದ್ದವು. ಆ ಹೊತ್ತಿಗೆ ನಾನು ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದೆ. ಅವರದು ಮುಗಿಯುವ ಹೊತ್ತಿಗೆ ನನ್ನದೂ ಮುಗಿಯುತ್ತಿತ್ತು. ಚಹಾ ಕೊಡುತ್ತಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕುಡಿಯುತ್ತಿದ್ದರು. ಈ ಬಗ್ಗೆ ನಮ್ಮಿಬ್ಬರ ನಡುವೆ ಎಂದೂ ಮಾತು ಬಂದದ್ದಿಲ್ಲ.

ಸರ್ ಕೊಟ್ಟು ಹೋದ ಚಿತ್ರವನ್ನು ನಾನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಅಡಿಗೆಮನೆಯಲ್ಲೇ ಕುಳಿತು ನೋಡಿದೆ. ಹಿಮ ಬೀಳುವ ಒಂದು ಸಣ್ಣ ಊರು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು. ಅವಳ ಗಂಡ ಕೆರೆಯಲ್ಲಿ ಮುಳುಗಿ ಸತ್ತದ್ದು ಚಿತ್ರ ಶುರುವಾಗುವ ಮೊದಲೇ ಆಗಿಹೋಗಿದೆ. ಅವಳು ಫ್ರಿಜ್ ಖಾಲಿ ಮಾಡಿ ಒರೆಸುತ್ತಾಳೆ. ಅವನ ಬೂಟುಗಳನ್ನು ಹೊರಗಿಡುತ್ತಾಳೆ, ಸ್ವಲ್ಪ ಹೊತ್ತಿಗೆ ಒಳಗೆ ತರುತ್ತಾಳೆ. ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾಳೆ. ಬಟಾಟಿ ಸಿಪ್ಪೆ ಹೆರೆಯುತ್ತಾಳೆ, ಅದೊಂದೇ ಎಷ್ಟೋ ಹೊತ್ತು. ನೆರೆಮನೆಯವಳು ಕೇಕ್ ಮಾಡಿ ತಂದುಕೊಡುತ್ತಾಳೆ. ಕೊನೆಗೆ ಅವಳು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುತ್ತ ಹೋಗಿ ಒಂದು ಕಡೆ ಕೂರುತ್ತಾಳೆ, ಮತ್ತೆ ಎದ್ದು ಬರುತ್ತಾಳೆ. ಎಲ್ಲಿಯೂ ಅಳುವುದಿಲ್ಲ.

ನನ್ನದೇ ಕಥೆಯಂತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಒಳಗೆ ಏನೂ ಆಗಲಿಲ್ಲ. ಉತ್ತರಪತ್ರಿಕೆ ತಿದ್ದಿದ ಹಾಗೆ ನಿಲ್ಲಿಸಿ ನಿಲ್ಲಿಸಿ ನೋಡಿದೆ, ಮಾತುಗಳನ್ನು ಹಾಳೆಯ ಮೇಲೆ ಕನ್ನಡಕ್ಕೆ ಇಳಿಸಿದೆ. ಬಹಳ ಮಾತುಗಳಿರಲಿಲ್ಲ. ಪುಸ್ತಕದ ಕನ್ನಡದಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದಿದೆ: “ತಾವು ಚಹಾ ಸೇವಿಸುವಿರಾ?”

ಕಾಳು ಆರಿಸುತ್ತ ಕುಳಿತಿದ್ದ ಅತ್ತೆ ತಲೆಯೆತ್ತಿದರು. “ಯಾರದು, ತಹಸೀಲ್ದಾರರ ಹೆಂಡ್ತೇನು?”

“ಇಲ್ರಿ ಅತ್ತಿ. ಬಾಜೂಮನಿಯಾಕಿ.”

“ಬಾಜೂಮನಿಯಾಕಿ ಹಿಂಗ್ಯಾಕ ಮಾತಾಡ್ತಾಳ? ಚಾ ಕುಡೀತಿಯೇನವಾ ಅನ್ನಲಿ.”

ಹಾಗಾಗಿ ಸ್ವೀಡನ್ನಿನ ಹೆಂಗಸರು ರಾಯಬಾಗದ ಓಣಿಯ ಕನ್ನಡ ಆಡತೊಡಗಿದರು. ಎರಡು ದಿನ ಕುಳಿತು ಎಲ್ಲವನ್ನೂ ತಿರುಗಿ ಬರೆದೆ. ಎಲ್ಲಿ ತೊಡರಿದರೂ ಅತ್ತೆಯನ್ನು ಕೇಳುತ್ತಿದ್ದೆ. ಅವರು ಪರದೆಯ ಕಡೆ ನೋಡುತ್ತಿರಲಿಲ್ಲ. ಮಾತು ಕೇಳಿ, ಹೌದು, ಅಲ್ಲ ಎನ್ನುತ್ತಿದ್ದರು.

ಚಿತ್ರ ತೋರಿಸಲು ಗೊತ್ತುಮಾಡಿದ ರವಿವಾರ ಮಧ್ಯಾಹ್ನ ನಾದಿನಿ ಅಥಣಿಯಿಂದ ಬಂದಳು. ಕೃಷ್ಣೆ ದಾಟಿ ಎರಡು ಬಸ್ಸು ಬದಲಿಸಿ ಬಂದವಳ ಮುಖ ಬಿಸಿಲಿಗೆ ಕೆಂಪಾಗಿತ್ತು. ನೀರು ಕೊಟ್ಟೆ, ಕುಡಿದಳು. ಅವ್ವನನ್ನು ತನ್ನ ಮನೆಗೆ ಕರೆದೊಯ್ಯಲು ಬಂದಿದ್ದಾಳೆಂದು ಅವಳು ನನಗೆ ಹೇಳಲಿಲ್ಲ, ಅತ್ತೆಗೆ ಹೇಳಿದಳು, ನನಗೂ ಕೇಳುವ ಹಾಗೆ. “ಇಲ್ಲಿ ನೀ ಒಬ್ಬಾಕಿನ ಅತಗೋತ ಕುಂಡ್ರತಿ. ಕಣ್ಣ ಒರಸವರ ಇಲ್ಲ. ನಡಿ, ನನ್ನ ಕಡೆ ಇರವಂತಿ.” ಅತ್ತೆ ಇಲ್ಲ ಎನ್ನಲಿಲ್ಲ. ಎರಡು ಸೀರೆ, ಜಪದ ಮಾಲೆ, ಗುಳಿಗೆಗಳನ್ನು ಚೀಲಕ್ಕೆ ಹಾಕಿದರು. ಮರುದಿನ ಮುಂಜಾನೆ ಹೋಗುವುದೆಂದಾಯಿತು.

ಹೊತ್ತು ಮುಳುಗುವ ಮೊದಲೇ ಮೂವರೂ ಉಂಡೆವು. ಅತ್ತೆ ಕತ್ತಲಾದ ಮೇಲೆ ಏನನ್ನೂ ಬಾಯಿಗೆ ಹಾಕುವವರಲ್ಲ. ಆಮೇಲೆ ಅವರೇ ನಾದಿನಿಗೆ, “ಈಕಿ ಮೈಕಿನ್ಯಾಗ ಮಾತಾಡ್ತಾಳ. ನಡಿ ನೋಡೂಣು,” ಎಂದರು. ಮನೆಯಲ್ಲಿ ಒಬ್ಬಳೇ ಕೂರಲಾಗದೆ ನಾದಿನಿಯೂ ಹೊರಟಳು.

ಊರಿನ ಮಂಗಲ ಕಾರ್ಯಾಲಯದ ಮೇಲಿನ ಹಾಲು. ಹಿಂದಿನ ದಿನ ಯಾರದೋ ಮದುವೆಯಾಗಿತ್ತು. ವೇದಿಕೆಯ ಮೇಲೆ ಬಾಡಿದ ಚೆಂಡುಹೂವಿನ ಸರಗಳು ಹಾಗೇ ಇದ್ದವು. ಅದರ ಮುಂದೆ ಸರ್ ಬಿಳಿ ಬಟ್ಟೆ ಕಟ್ಟಿಸಿದ್ದರು. ಜನ ನಾನೆಣಿಸಿದ್ದಕ್ಕಿಂತ ಹೆಚ್ಚೇ ಬಂದಿದ್ದರು. ಕನ್ನಡದಲ್ಲಿ ಹೇಳುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಕಾಲೇಜಿನ ಹುಡುಗಿಯರು, ಅಂಗಡಿಕಾರರು, ಕಬ್ಬಿನ ಟ್ರ್ಯಾಕ್ಟರುಗಳನ್ನು ಓಡಿಸುವ ಒಬ್ಬ ಮಾಲೀಕ, ನಿವೃತ್ತ ಸ್ಟೇಶನ್ ಮಾಸ್ತರರು. ಅತ್ತೆ, ನಾದಿನಿ ಮುಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕುಳಿತರು. ಸರ್ ಈ ಚಿತ್ರಕ್ಕೆ ಎಲ್ಲೆಲ್ಲಿ ಎಂಥ ಮನ್ನಣೆ ಸಿಕ್ಕಿದೆ ಎಂದು ಹೇಳುತ್ತ ಹೇಳುತ್ತ ಭಾಷಣವನ್ನು ಉದ್ದ ಮಾಡಿದರು. ಹಿಂದಿನಿಂದ ಯಾರೋ “ಚಾಲೂ ಮಾಡ್ರಿ ಸರ” ಎಂದರು.

ಮೊದಲ ಮಾತುಗಳಿಗೆ ಜನ ನಕ್ಕರು. ಬಿಳಿ ಕೂದಲಿನ ಸ್ವೀಡನ್ನಿನ ನೆರೆಯವಳು ಬಾಗಿಲು ತಟ್ಟಿ “ಏನ ಮಾಡಾಕತ್ತೀಯವಾ?” ಅಂದಾಗ ಇಡೀ ಹಾಲು ನಕ್ಕಿತು. ಸರ್ ಗಾಬರಿಯಾಗಿ ನನ್ನತ್ತ ನೋಡಿದರು. ಆದರೆ ಸ್ವಲ್ಪ ಹೊತ್ತಿಗೆ ನಗು ನಿಂತಿತು, ಜನ ಆ ಮಾತಿಗೆ ಒಗ್ಗಿಕೊಂಡರು. ತೊಂದರೆಯಾದದ್ದು ಮಾತಿಲ್ಲದ ಕಡೆ. ಆ ಹೆಂಗಸು ಬಟಾಟಿ ಹೆರೆಯಲು ಕುಳಿತಳು. ಹೆರೆದಳು. ಇನ್ನೊಂದು ತೆಗೆದುಕೊಂಡಳು. ನಾನು ಮೈಕು ಹಿಡಿದು ಸುಮ್ಮನೆ ನಿಂತಿದ್ದೆ. ಕುರ್ಚಿಗಳು ಕಿರುಗುಟ್ಟಿದವು.

“ಅಕ್ಕೋರ, ಮೈಕ್ ಬಂದ್ ಆಗೈತೇನ್ರಿ?” ಹಿಂದಿನಿಂದ ಒಬ್ಬ ಕೂಗಿದ.

“ಇಲ್ರಿ. ಆಕೀನ ಮಾತಾಡವಲ್ಲಳು,” ಅಂದೆ. ಅದೂ ಮೈಕಿನಲ್ಲೇ ಹೋಯಿತು. ಮತ್ತೆ ನಗು.

“ನೀವರ ಏನರ ಹೇಳ್ರಿ. ಆಕಿ ಮನಸಿನ್ಯಾಗ ಏನ ನಡದೈತಿ, ಹೇಳ್ರಿ.”

ಅವಳ ಮನಸ್ಸಿನಲ್ಲಿ ಏನೂ ನಡೆದಿಲ್ಲ ಎಂದು ಹೇಳಬಹುದಿತ್ತು. ಬಟಾಟಿ ಹೆರೆಯುವಾಗ ಬಟಾಟಿಯೇ ಇರುತ್ತದೆ, ಸಿಪ್ಪೆ ಕಡಿಯದೆ ಉದ್ದಕ್ಕೆ ಬಂದರೆ ಸಾಕು ಅನಿಸುತ್ತದೆ. ಹೇಳಲಿಲ್ಲ. ಇಬ್ಬರು ಮೂವರು ಎದ್ದು ಹೋದರು. ಅತ್ತೆ ಕೆಳದನಿಯಲ್ಲಿ ನಾದಿನಿಗೆ ಹೇಳಿದ್ದು ನನಗೆ ಕೇಳಿಸಿತು: “ಅಟ ಬಟಾಟಿ ಒಬ್ಬಾಕಿ ಹೆಂಗ ತಿಂತಾಳ?” ನಮ್ಮ ಮನೆಯಲ್ಲಿ ಅತ್ತೆ ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ. ಅವರಿಗೆ ಅದೇ ದೊಡ್ಡ ಸಂಕಟವಾಗಿತ್ತು.

ನಡುವೆ ಒಂದು ಕಡೆ ನೆರೆಯವಳು ಕೇಕಿನ ತಟ್ಟೆ ತಿರುಗಿ ಒಯ್ಯಲು ಬಂದವಳು ಬಾಗಿಲಲ್ಲೇ ನಿಂತು ಕೇಳುತ್ತಾಳೆ. ನಾನು ಹೇಳಿದೆ: “ಅವರ ನೆನಪ ಬರ್ತೈತೇನವಾ?”

ಪರದೆಯ ಮೇಲಿನ ಹೆಂಗಸು ತಟ್ಟೆಯನ್ನು ಒರೆಸುತ್ತ ಬಹಳ ಹೊತ್ತು ನಿಂತಳು. ಆ ಹೊತ್ತು ಎಷ್ಟೆಂದು ನನಗೆ ಗೊತ್ತಿತ್ತು, ಎರಡು ದಿನ ಅದನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದ್ದೆ. ಕೊನೆಗೆ ಅವಳ ತುಟಿ ಅಲುಗಿತು.

“ಗೊತ್ತಿಲ್ಲ,” ಅಂದೆ.

ನನ್ನ ದನಿ ಹಾಲಿನ ಎರಡೂ ಮೂಲೆಯ ಸ್ಪೀಕರುಗಳಿಂದ ಬಂತು. ಮುಂದಿನ ಸಾಲಿನಲ್ಲಿ ನಾದಿನಿ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. ಮಾತು ಬಿಟ್ಟ ಮೇಲೆ ಅವಳು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು. ನಾನು ಮುಂದಿನ ಹಾಳೆ ತಿರುವಿದೆ.

ಕೊನೆಯಲ್ಲಿ ಕೆರೆಯ ಹಿಮದ ಮೇಲೆ ಅವಳು ದೂರ ಹೋಗಿ, ತಿರುಗಿ ಬಂದು, ಚಿತ್ರದಿಂದ ಹೊರಗೆ ಹೋದ ಮೇಲೆ ಪರದೆ ಬರೀ ಬಿಳಿಯಾಗಿ ಉಳಿಯುತ್ತದೆ. ಪ್ರೊಜೆಕ್ಟರ್ ಕೆಟ್ಟಿತೆಂದುಕೊಂಡು ಒಬ್ಬ ಎದ್ದು ಹೋಗಿ ವೈರು ಅಲುಗಾಡಿಸಿದ. ಸರ್ “ಕುಂದರ್ರಿ, ಕುಂದರ್ರಿ, ಇನ್ನೂ ಮುಗದಿಲ್ಲ” ಎಂದು ಕೈ ಮಾಡಿದರು. ಕುಳಿತವರು ಬಿಳಿ ಬಟ್ಟೆಯನ್ನು ನೋಡುತ್ತ ಕುಳಿತರು. ಆಮೇಲೆ ದೀಪ ಹತ್ತಿತು.

ಸರ್‌ಗೆ ಚರ್ಚೆಯಾಗಬೇಕಿತ್ತು. ಮೊದಲು ಎದ್ದವರು ಸ್ಟೇಶನ್ ಮಾಸ್ತರರು. ಉಳಿದದ್ದು ತಮಗೆ ತಿಳಿಯಲಿಲ್ಲವೆಂದೂ, ಆದರೆ ಹಿಮದಲ್ಲಿ ರೈಲು ಬಂದು ನಿಂತದ್ದನ್ನು ಮಾತ್ರ ಬಹಳ ಚೆನ್ನಾಗಿ ತೆಗೆದಿದ್ದಾರೆಂದೂ ಹೇಳಿ ಕುಳಿತರು. ಅವರ ಹಿಂದೆ ಟ್ರ್ಯಾಕ್ಟರಿನ ಮಾಲೀಕ ಎದ್ದ. ಅವನು ರಾಯಬಾಗದವನಲ್ಲ, ಕಾಗವಾಡದ ಕಡೆಯವನು. ನನ್ನನ್ನು ಅರಿಯದವನು.

“ಸರ, ಸಿಟ್ಟಾಗಬ್ಯಾಡ್ರಿ. ಗಂಡ ಸತ್ತಾನ. ಒಂದ ಹನಿ ಕಣ್ಣೀರಿಲ್ಲ. ಫ್ರಿಜ್ ಒರಸತಾಳ, ಬಸ್ ಹತ್ತತಾಳ, ಬಟಾಟಿ ಹೆರೀತಾಳ. ಇಂಥಾ ಕಲ್ಲಿನಂಥಾಕಿ ಮ್ಯಾಲ ಸಿನಿಮಾ ಯಾಕ ತಗದ್ರು? ಅದಕ್ಕ ಪ್ರಶಸ್ತಿ ಬ್ಯಾರೆ!”

ನನ್ನನ್ನು ಬಲ್ಲವರು ತಲೆ ಕೆಳಗೆ ಹಾಕಿದರು. ನನ್ನ ಕೈಯಲ್ಲಿ ಮೈಕು ಇನ್ನೂ ಇತ್ತು. ಇವನ ಮಾತನ್ನೂ ಯಾರಿಗಾದರೂ ಹೇಳಬೇಕೇನೋ ಎಂದು ಒಂದು ಕ್ಷಣ ಅನಿಸಿತು. ಕಾಲೇಜಿನ ಹುಡುಗಿಯೊಬ್ಬಳು ತಟ್ಟನೆ ಎದ್ದಳು. “ಅಳೂದಿಲ್ಲ, ಅದಕ್ಕ ನನಗ ಭಾಳ ಸೇರಿತ್ರಿ ಸರ್. ಎಲ್ಲಾ ಸಿನಿಮಾದಾಗೂ ಹೆಣ್ಮಕ್ಕಳು ಅಳೂದ ಆತು. ಈಕಿ ಸ್ವತಂತ್ರ ಆಗ್ಯಾಳ.” ಹುಡುಗಿಯರು ಚಪ್ಪಾಳೆ ತಟ್ಟಿದರು. ಸರ್ ಮುಖ ಅರಳಿತು. ಅವಳು ಹೇಳಿದ್ದೂ ನನಗೆ ಸಂಬಂಧಪಡಲಿಲ್ಲ. ನಾನು ಸ್ವತಂತ್ರಳಾಗಿರಲಿಲ್ಲ. ಕಲ್ಲಾಗಿದ್ದೆನೋ ಇಲ್ಲವೋ ತಿಳಿಯುವಷ್ಟೂ ಏನೂ ಅನಿಸುತ್ತಿರಲಿಲ್ಲ.

ಆಗ ಸರ್ ಮುಂದಿನ ಸಾಲಿಗೆ ಬಂದು, ಅತ್ತೆಯ ಕಡೆ ಬಾಗಿ, “ಆಯಿ, ನಿಮಗ ಹೆಂಗ ಅನಿಸ್ತ್ರಿ?” ಎಂದು ಕೇಳಿದರು. ಹಿರಿಯರನ್ನು ಕೇಳಬೇಕೆಂಬ ಮರ್ಯಾದೆಗೆ ಕೇಳಿದ್ದು. ಅತ್ತೆ ಹೇಳುವುದೇನೂ ಇಲ್ಲವೆನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕುಳಿತಲ್ಲಿಂದಲೇ ಹೇಳಿದರು.

“ಬ್ಯಾಸರ ಆತ್ರಿಪಾ. ಭಾಳ ಉದ್ದ ಐತಿ. ಪಾಪ, ಆಕಿ ಮನ್ಯಾಗ ಅಳವರ ಯಾರೂ ಇಲ್ಲ. ಆಕೀನ ಅಡಿಗಿ ಮಾಡಬೇಕ, ಆಕೀನ ಅಳಬೇಕ ಅಂದ್ರ ಹೆಂಗ ಆಗಬೇಕು? ನಮ್ಮನ್ಯಾಗ ನಾ ಅಳ್ತೀನಿ, ಈಕಿ ರೊಟ್ಟಿ ಮಾಡ್ತಾಳ. ದಿನಾ ಹೋಗ್ತಾವ.”

ಯಾರೋ ನಕ್ಕರು, ಮುಗ್ಧ ಮಾತೆಂದು. ಟ್ರ್ಯಾಕ್ಟರಿನ ಮಾಲೀಕ ಬಾಜುವಿನವನಿಂದ ವಿಷಯ ತಿಳಿದುಕೊಂಡಿರಬೇಕು, ಎದ್ದು ನನ್ನ ಕಡೆ ಕೈ ಮುಗಿದು, ಚಪ್ಪಲಿ ಹಾಕಿಕೊಂಡು ಇಳಿದು ಹೋದ. ಸರ್ ಎಲ್ಲರಿಗೂ ವಂದನೆ ಹೇಳಿ ಮುಗಿಸಿದರು.

ಮನೆಗೆ ನಡೆದು ಬರುವಾಗ ನಾದಿನಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ಅವ್ವನಿಗೆ ಹೇಳುತ್ತಿದ್ದಳು: “ಮಂದಿ ಮುಂದ ಮನೀ ಮಾತ ಆಡಬಾರದಾಗಿತ್ತು.” ಅತ್ತೆ, “ಅವ್ರು ಕೇಳಿದ್ರು, ಹೇಳಿದೆ,” ಎಂದರು. ಮರುದಿನ ಮುಂಜಾನೆ ತಾಯಿ ಮಗಳು ಅಥಣಿಗೆ ಹೋದರು. ಹೊಸ್ತಿಲು ದಾಟುವಾಗ ಅತ್ತೆ ನನ್ನ ಕೆನ್ನೆ ಸವರಿ, “ಹೊತ್ತಿಗೆ ಸರಿಯಾಗಿ ಉಣ್ಣವಾ,” ಎಂದರು.

ಮನೆ ಖಾಲಿಯಾದ ಮೇಲೂ ನಾನು ಅಳಲಿಲ್ಲ. ಒಬ್ಬಳೇ ಆದಮೇಲೆ ಬರಬಹುದು ಎಂದು ಓಣಿಯ ಹೆಂಗಸರು ಅಂದದ್ದುಂಟು. ಬರಲಿಲ್ಲ. ಮುಂಜಾನೆ ಎದ್ದು ಹಿಟ್ಟು ನಾದಿ ರೊಟ್ಟಿ ಬಡಿದರೆ ಹಿತ್ತಿಲ ಕಡೆ ದನಿಯಿಲ್ಲ. ಬಡಿಯುವ ಸಪ್ಪಳ ಅಷ್ಟು ದೊಡ್ಡದೆಂದು ನನಗೆ ಮೊದಲು ತಿಳಿದಿರಲಿಲ್ಲ. ಯಾವಾಗ ನಿಲ್ಲಿಸಬೇಕೆಂದು ಗೊತ್ತಾಗದೆ ಒಬ್ಬಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಮಾಡಿ, ಉಳಿದದ್ದನ್ನು ಎಮ್ಮೆ ಕಟ್ಟಿದವರ ಮನೆಗೆ ಕೊಟ್ಟು ಬರುತ್ತಿದ್ದೆ.

ವಾರ ಕಳೆದಿರಬೇಕು. ಮುಂಜಾನೆ ಅದೇ ಹೊತ್ತಿಗೆ ಫೋನು ಬಂತು. ಅತ್ತೆ.

“ಏನ ಮಾಡಾಕತ್ತೀಯವಾ?”

“ರೊಟ್ಟಿ ಮಾಡಾಕತ್ತೀನ್ರಿ ಅತ್ತಿ.”

“ಮಾಡು, ಮಾಡು. ಇಡಬ್ಯಾಡ ಫೋನು.” ಸ್ವಲ್ಪ ಹೊತ್ತು ಗಾಳಿಯ ಸದ್ದು. “ನಾ ಮ್ಯಾಲ ಗಚ್ಚಿಗೆ ಬಂದೀನಿ. ಇಲ್ಲಿ ಅಳಾಕ ಬರೂದಿಲ್ಲವಾ. ಮಗಳ ಮನಿ ಅಂದ್ರೂ ಬೀಗರ ಮನಿ. ಮುಂಜಾನೆದ್ದು ಅತ್ರ ಅವ್ರಿಗೆ ಚಲೋ ಅನಸೂದಿಲ್ಲ. ಟೀವಿ ಹಚ್ಚಿ ಕುಂಡ್ರಸ್ತಾರ.”

ನಾನು ಫೋನಿನ ಸ್ಪೀಕರ್ ಹಾಕಿ ಡಬ್ಬಿಗಳ ಸಾಲಿಗೆ ಆನಿಸಿ ಇಟ್ಟೆ. ಅವರು ಅಥಣಿಯ ಮನೆಯ ತಾರಸಿಯ ಮೇಲೆ ಕುಳಿತು ಅತ್ತರು. ನಾನು ರಾಯಬಾಗದಲ್ಲಿ ರೊಟ್ಟಿ ಬಡಿದೆ. ಅಳು ಮುಗಿದ ಮೇಲೆ, “ಇಡ್ಲ್ಯಾ?” ಎಂದು ಕೇಳಿದರು. “ಇಡ್ರಿ ಅತ್ತಿ,” ಅಂದೆ. ಅವತ್ತು ರೊಟ್ಟಿಗಳು ಹೆಚ್ಚಾಗಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಒಂದು ದಿನ ಅಳುವಿನ ನಡುವೆಯೇ ನಾದಿನಿಯ ದನಿ ಕೇಳಿತು. ಬಟ್ಟೆ ಒಣಹಾಕಲು ಮೇಲೆ ಬಂದಿದ್ದಳಂತೆ. “ಯಾರ ಜೋಡಿ ಮಾತಾಡಾಕತ್ತೀಬೇ ಅವ್ವಾ?” ಎಂದಳು. ಆಮೇಲೆ ಫೋನು ಅವಳ ಕೈಗೆ ಹೋಯಿತು.

“ವೈನಿ?”

“ಹೇಳವಾ.”

“ಅವ್ವ ದಿನಾ ನಿಮ್ಮ ಮುಂದ ಅಳ್ತಾಳ?”

“ಹೌದು.”

“ನೀವೇನ ಅಂತೀರಿ?”

“ಏನೂ ಅನ್ನೂದಿಲ್ಲ. ರೊಟ್ಟಿ ಮಾಡ್ತೀನಿ.”

ಅವಳು ಫೋನು ಇಡಲಿಲ್ಲ. ಅಲ್ಲಿ ದೂರದಲ್ಲಿ ಅತ್ತೆ ಮೂಗು ಸೀದಿದ್ದು ಕೇಳಿಸಿತು. ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು, ತಿರುವಿ ಹಾಕಿದೆ. ಆ ಸದ್ದು ಅವಳಿಗೂ ಕೇಳಿಸಿರಬೇಕು.

“ರವಿವಾರ ಅವ್ವನ್ನ ಕರಕೊಂಡು ಬರ್ತೀನ್ರಿ,” ಎಂದಳು.

ಹೇಳಿದಂತೆ ಕರೆತಂದಳು. ಅತ್ತೆ ಬಂದವರೇ ಹಿತ್ತಿಲಿಗೆ ಹೋಗಿ ತುಳಸಿಗೆ ನೀರು ಹಾಕಿದ್ದೇನೋ ಇಲ್ಲವೋ ಎಂದು ನೋಡಿದರು. ನಾದಿನಿ ಅಡಿಗೆಮನೆಗೆ ಬಂದು, ನಾನು ಕೇಳದೆಯೇ ಕೊತ್ತಂಬರಿ ಸೋಸಲು ಕುಳಿತಳು. ಅಣ್ಣನ ಮಾತು ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಸಿನಿಮಾದ ಮಾತೆತ್ತಿದಳು.

“ಆ ಸಿನಿಮಾ ನನಗ ಸೇರಲಿಲ್ರಿ ವೈನಿ.”

“ಹೂಂ.”

“ಖರೇ ಹೇಳ್ತೀನಿ. ಮಂದಿ ಏನರ ಅನ್ನಲಿ. ಆಕಿಗೆ ಒಬ್ಬ ತಂಗೀನರ, ನಾದಿನೀನರ ಇಟ್ಟಿರಬೇಕಾಗಿತ್ತು.”

“ಸರ್‌ಗೆ ಹೇಳ್ತೀನಿ ತಗೋ.”

“ಹೇಳಬ್ಯಾಡ್ರಿ. ಅವ್ರಿಗೆ ಬ್ಯಾಸರ ಆಗ್ತೈತಿ.” ಕೊತ್ತಂಬರಿಯ ದಂಟುಗಳನ್ನು ಒಂದು ಕಡೆ ಸರಿಸಿ, “ನಿಮಗ ಸೇರಿತೇನ್ರಿ?” ಎಂದು ಕೇಳಿದಳು.

ನಾನು ನಿಜವಾಗಿಯೂ ಯೋಚಿಸಿದೆ. ಆ ಚಿತ್ರವನ್ನು ಅಷ್ಟು ಸಲ ನೋಡಿದ್ದೆ, ಅದರ ಪ್ರತಿ ಮಾತನ್ನೂ ಆಡಿದ್ದೆ. ಚೆನ್ನಾಗಿದೆಯೋ ಇಲ್ಲವೋ ಎಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಸರ್ ಕೂಡ. “ಕೆಲಸ ಚಲೋ ಮಾಡ್ತಾಳ ಆಕಿ,” ಅಂದೆ. “ಫ್ರಿಜ್ ಒರಸೂದು ನೋಡಿದಿಲ್ಲ, ಮೂಲಿ ಮೂಲಿ ಬಿಡಲಿಲ್ಲ.”

ನಾದಿನಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದು ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ಬಂದು ಒರೆಸಿಕೊಂಡಳು. ನಾನು ಒಗ್ಗರಣೆಗೆ ಎಣ್ಣೆ ಇಟ್ಟೆ.

ಸರ್ ಆ ಚಿತ್ರವನ್ನು ಮತ್ತೆ ಕಾಗವಾಡದಲ್ಲಿ ತೋರಿಸಿದರು. ಅಲ್ಲಿ ಮರಾಠಿಯಲ್ಲಿ ಹೇಳಬೇಕಿತ್ತು, ಬೇರೆ ಯಾರೋ ಹೇಳಿದರು. ಕೆಲವರಿಗೆ ಸೇರಿತಂತೆ, ಕೆಲವರು ಎದ್ದು ಹೋದರಂತೆ. ಅತ್ತೆ ಈಗ ದಿನಾ ಅಳುವುದಿಲ್ಲ. ಕೆಲವು ದಿನ ಹೊಸ್ತಿಲಿಗೆ ಕುಳಿತು ಸುಮ್ಮನೆ ಅಂಗಳ ನೋಡುತ್ತಾರೆ, ಕೆಲವು ದಿನ ಮರೆತು ಕಾಳು ಆರಿಸಲು ಕೂರುತ್ತಾರೆ. ನನಗೆ ಅಳು ಇನ್ನೂ ಬಂದಿಲ್ಲ. ಬಂದೀತೆಂದು ಕಾಯುತ್ತಲೂ ಇಲ್ಲ. ಅವ್ವನನ್ನು ಕರೆತಂದ ಆ ರವಿವಾರ ಸಂಜೆ ನಾದಿನಿಯನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋಗಿದ್ದೆ. ಅವಳು ಕಿಟಕಿಯಿಂದ, “ಪಂಚಮಿಗೆ ಕರಿಯಾಕ ಬರ್ರಿ ವೈನಿ, ನೀವ ಬರ್ರಿ,” ಎಂದಳು. ಬರುತ್ತೇನೆ ಅಂದೆ. ಬಸ್ಸು ಹೋದ ಮೇಲೆ ಸಂತೆಪೇಟೆಗೆ ಹೋಗಿ, ಎಳೆಯ ಹೀರೇಕಾಯಿ ಆರಿಸಿಕೊಂಡು, ಹೊತ್ತು ಮುಳುಗುವುದರೊಳಗೆ ಅತ್ತೆಗೆ ಉಣ್ಣಲಿಕ್ಕಾಗಬೇಕೆಂದು ಬೇಗ ಬೇಗ ಮನೆಗೆ ಬಂದೆ.